ಹಳೇ ಡಾಕ್ ಜಾಗದಲ್ಲಿ ಅಪಾರ್ಟ್‌ಮೆಂಟ್: ಒಂದು ಕ್ರೇನ್ ನಿಲ್ಲಿಸಿದರೆ ಬಂದರು ಉಳಿದ ಹಾಗಾ?

ಬಂದರಿನವ

ಬೆಂಗಳೂರಿಗೆ ಸಮುದ್ರ ಇಲ್ಲ, ಇಲ್ಲಿ ಡಾಕ್ (ಹಡಗು ಒಳಗೆ ಬಂದು ಸರಕು ಇಳಿಸುವ, ಸುತ್ತ ಗೋಡೆ ಕಟ್ಟಿದ ನೀರಿನ ಜಾಗ) ಮಾತು ಯಾಕೆ ಅನ್ನಬಹುದು. ಮಂಗಳೂರು ಹಳೇ ಬಂದರಿನ ಸುತ್ತ ಮುಂದೆ ಏನು ಬರಬೇಕು ಅನ್ನುವುದು ಕೊನೆಗೆ ಸರ್ಕಾರದ ಮಟ್ಟದಲ್ಲಿ, ಅಂದರೆ ಇದೇ ಊರಿನಲ್ಲಿ ತೀರ್ಮಾನ ಆಗುತ್ತದೆ. ಅಲ್ಲಿ ಹೊಳೆ ಕಾಣುವ ಫ್ಲ್ಯಾಟ್ ಕೊಳ್ಳುವವರಲ್ಲಿ ಇಲ್ಲಿ ಕೆಲಸಕ್ಕಿರುವ ನಮ್ಮಂಥವರೂ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತಾದಾಗ ಓದಿ.

ಇಂಥ ಯೋಜನೆ ಬಂದಾಗೆಲ್ಲ ಮೊದಲು ತೋರಿಸುವುದು ಲಂಡನ್ ಚಿತ್ರ. ವೆಸ್ಟ್ ಇಂಡಿಯಾ ಡಾಕ್ ಶುರುವಾಗಿದ್ದು 1802ರಲ್ಲಿ. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರಿಂದ ದುಡಿಸಿ ಬೆಳೆದ ಸಕ್ಕರೆ, ರಮ್ ಅಲ್ಲಿ ಇಳಿಯುತ್ತಿತ್ತು. ಈಸ್ಟ್ ಇಂಡಿಯಾ ಡಾಕ್ 1806ರಲ್ಲಿ ಬಂತು, ನಮ್ಮ ಕಡೆಯ ಸರಕು ಇಳಿಯುವುದಕ್ಕೆ. ನೂರೈವತ್ತು ವರ್ಷ ಹೀಗೇ ನಡೆಯಿತು. 1956ರಲ್ಲಿ ಅಮೆರಿಕದಲ್ಲಿ ಮಾಲ್ಕಮ್ ಮೆಕ್ಲೀನ್ ಅನ್ನುವವರು ಸರಕನ್ನು ದೊಡ್ಡ ಲೋಹದ ಪೆಟ್ಟಿಗೆಯಲ್ಲಿ ತುಂಬಿ ಪೆಟ್ಟಿಗೆ ಸಮೇತ ಹಡಗಿಗೆ ಏರಿಸಿದರು. ಅಲ್ಲಿಂದ ಎಲ್ಲ ಬದಲಾಯಿತು. ಹಡಗು ದೊಡ್ಡದಾಯಿತು, ಹಳೇ ಡಾಕಿನ ಬಾಗಿಲಲ್ಲಿ ತೂರುವುದಿಲ್ಲ. ಚೀಲ ಹೊರುವ ನೂರಾರು ಜನ ಮಾಡುತ್ತಿದ್ದ ಕೆಲಸಕ್ಕೆ ಬೆರಳೆಣಿಕೆಯ ಜನ ಸಾಕಾದರು. ಕೆಲಸ ಥೇಮ್ಸ್ ಹೊಳೆಯಲ್ಲಿ ಸಮುದ್ರದ ಕಡೆಗಿರುವ ಟಿಲ್‌ಬರಿಗೆ ಹೋಯಿತು. ಈಸ್ಟ್ ಇಂಡಿಯಾ ಡಾಕ್ 1967ರಲ್ಲಿ ಮುಚ್ಚಿತು, ಸೇಂಟ್ ಕ್ಯಾಥರಿನ್ 1968ರಲ್ಲಿ, ಕೊನೆಗೆ ರಾಯಲ್ ಡಾಕ್‌ಗಳು 1981ರಲ್ಲಿ. ಅದೇ ವರ್ಷ ಅಲ್ಲಿನ ಸರ್ಕಾರ ಡಾಕ್‌ಲ್ಯಾಂಡ್ಸ್ ಅಭಿವೃದ್ಧಿ ನಿಗಮ ಮಾಡಿತು. ಮರುವರ್ಷ ತೆರಿಗೆ ರಿಯಾಯಿತಿ ವಲಯ. 1991ಕ್ಕೆ ಹಳೇ ಡಾಕ್ ಜಾಗದಲ್ಲೇ ಕ್ಯಾನರಿ ವಾರ್ಫ್‌ನ ದೊಡ್ಡ ಕಚೇರಿ ಗೋಪುರ ನಿಂತಿತ್ತು.

ಉಳಿದದ್ದೇನು? 1802ರ ಒಂದು ಗೋದಾಮು ಮ್ಯೂಸಿಯಂ ಆಗಿದೆ, 2003ರಿಂದ. ರಾಯಲ್ ವಿಕ್ಟೋರಿಯಾ ಡಾಕಿನ ದಂಡೆಯಲ್ಲಿ ಹಳೇ ಕ್ರೇನ್‌ಗಳು ಸಾಲಾಗಿ ನಿಂತಿವೆ. ಸರ್ರೆ ಡಾಕ್‌ಗಳಲ್ಲಿ ಬಹುಪಾಲು ನೀರನ್ನೇ ಮುಚ್ಚಿ ಮನೆ ಕಟ್ಟಿದರು.

ನನಗೆ ಹೊಟ್ಟೆ ಉರಿಯುವುದು ಕಟ್ಟಡ ಹೋಯಿತು ಅಂತಲ್ಲ. ಕ್ರೇನಿಗೆ ಬಣ್ಣ ಹೊಡೆದು ನಿಲ್ಲಿಸುತ್ತಾರೆ, ಅದರ ಕೆಳಗೆ ನಡೆಯುತ್ತಿದ್ದ ಕೆಲಸಕ್ಕೆ ಒಂದಡಿ ಜಾಗವನ್ನೂ ಬಿಡುವುದಿಲ್ಲ. ಮಂಗಳೂರಿನ ಬಂದರಿಗೆ ಬೆಳಿಗ್ಗೆ ಹೋಗಿ ನೋಡಿ. ಮಂಜಿ ಅನ್ನುವ ಮರದ ಸರಕು ದೋಣಿಗಳು ಲಕ್ಷದ್ವೀಪಕ್ಕೆ ಜಲ್ಲಿ, ತರಕಾರಿ, ದಿನಸಿ ತುಂಬಿಕೊಂಡು ಹೊರಡುತ್ತವೆ. ಮಳೆಗಾಲದಲ್ಲಿ ಅವನ್ನು ನಿಲ್ಲಿಸಿ ರಿಪೇರಿ ಮಾಡುತ್ತಾರೆ. ಬಡಗಿ ಹಲಗೆ ಹಲಗೆ ನಡುವಿನ ಸಂದಿಯನ್ನು ಬೆರಳಿನಲ್ಲಿ ಮುಟ್ಟಿ ನೋಡುತ್ತಾನೆ. ಹಳೇ ಹತ್ತಿಯನ್ನು ಕಿತ್ತು, ಹೊಸ ಹತ್ತಿಯನ್ನು ಹುರಿ ಮಾಡಿ, ಉಳಿಯ ಮೊಂಡು ತುದಿಯಿಂದ ಹೊಡೆದು ಹೊಡೆದು ತುರುಕುತ್ತಾನೆ. ಎಷ್ಟು ತುರುಕಬೇಕು ಅನ್ನುವುದು ಸುತ್ತಿಗೆಯ ಸದ್ದಿನಲ್ಲೇ ಗೊತ್ತಾಗುತ್ತದೆ. ಕಮ್ಮಿಯಾದರೆ ನೀರು ಒಸರುತ್ತದೆ, ಜಾಸ್ತಿಯಾದರೆ ಹಲಗೆ ನೆನೆದು ಉಬ್ಬಿದಾಗ ಮೊಳೆಯೇ ಕಿತ್ತು ಬರುತ್ತದೆ. ಇದು ಯಾವ ಕಾಲೇಜಿನಲ್ಲೂ ಹೇಳಿಕೊಡುವ ವಿದ್ಯೆ ಅಲ್ಲ. ದಂಡೆಯಲ್ಲಿ ಜಾಗ ಹೋದರೆ ಒಂದೇ ತಲೆಮಾರಿನಲ್ಲಿ ಮುಗಿಯಿತು.

ನನ್ನ ಮಾತು ಇಷ್ಟೇ. ಮನೆ ಕಟ್ಟಲಿ. ದಂಡೆಯ ಒಂದು ಭಾಗದಲ್ಲಿ ದೋಣಿ ಎಳೆಯುವ, ರಿಪೇರಿ ಮಾಡುವ, ಸರಕು ಇಳಿಸುವ ಕೆಲಸ ನಿಲ್ಲಬಾರದು. ಅದು ಅನುಮತಿ ಪತ್ರದಲ್ಲೇ ಬರಬೇಕು, ಆಮೇಲೆ ನೋಡೋಣ ಅನ್ನುವ ಮಾತಲ್ಲ. ಏನಂತೀರಿ?

ಬಾಡಿಗೆಮನೆ

ಸರ್, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೂ ಒಂದು ಕೇಳುತ್ತೇನೆ, ಬೇಜಾರಾಗಬೇಡಿ. ಊರ ನಡುವೆ ಎಕರೆಗಟ್ಟಲೆ ಜಾಗ ತುಕ್ಕು ಹಿಡಿದ ಶೆಡ್ ಹೊತ್ತುಕೊಂಡು ಬಿದ್ದಿರುತ್ತದೆ. ನಾವು ಊರಾಚೆ ಮನೆ ಮಾಡಿ ದಿನಾ ಬಸ್ಸಿನಲ್ಲಿ ಗಂಟೆಗಟ್ಟಲೆ ಕೂರುತ್ತೇವೆ. ಹಳೇ ಕೈಗಾರಿಕೆ ಜಾಗದಲ್ಲಿ ಮನೆ ಬಂದರೆ ಹೊಲ, ತೋಟ, ಕೆರೆಯಂಗಳ ಅಷ್ಟರಮಟ್ಟಿಗೆ ಉಳಿಯುತ್ತವೆ ಅಲ್ವಾ? ಚೀಲ ಹೊತ್ತು ಬೆನ್ನು ಮುರಿದುಕೊಂಡ ಹಮಾಲಿಯ ಮಗ ಅದೇ ಕೆಲಸಕ್ಕೆ ಬರಲಿ ಅಂತ ನಾವು ಬಯಸುವುದೂ ಸರಿಯಲ್ಲ. ಬಂದರಿನಲ್ಲಿ ಏನೇನು ಆಗಿದೆ ಅಂತ ಮುಂಬಯಿಯವರನ್ನು ಕೇಳಿ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಹತ್ತಿ ಮತ್ತು ಸಿಡಿಮದ್ದು ಎರಡನ್ನೂ ತುಂಬಿದ್ದ ಹಡಗು ಸಿಡಿದು ನೂರಾರು ಜನ ಸತ್ತರು. ಬೆಂಕಿ ಆರಿಸಲು ಹೋದವರೇ 66 ಮಂದಿ ತೀರಿಕೊಂಡರು. ಈಗಲೂ ಆ ದಿನವನ್ನು ಅಗ್ನಿಶಾಮಕ ದಿನ ಅಂತ ದೇಶವೆಲ್ಲ ಆಚರಿಸುವುದು ಅದಕ್ಕೇ.

ಊರ ಮಧ್ಯೆ ಮನೆ ಬೇಕು. ಅದನ್ನು ಬೇಡ ಅನ್ನುವವರು ಎಲ್ಲಿ ಕಟ್ಟಬೇಕು ಅಂತಲೂ ಹೇಳಬೇಕು.

ಬಿನ್ನಿಪೇಟೆ ಮಗಳು

ಡಾಕ್ ವಿಷಯ ನನಗೆ ಅಷ್ಟು ಗೊತ್ತಿಲ್ಲ, ಮಿಲ್ ವಿಷಯ ಗೊತ್ತು. ನಮ್ಮ ಏರಿಯಾದ ಬಿನ್ನಿ ಬಟ್ಟೆ ಮಿಲ್ 1884ರಲ್ಲಿ ಶುರುವಾದದ್ದು. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟು, ಮಾಲು. ಮಲ್ಲೇಶ್ವರದ ರಾಜಾ ಮಿಲ್ ಜಾಗದಲ್ಲೂ ಮಾಲು. ಕಾನೂನು ಓದುವ ಮಕ್ಕಳೆಲ್ಲ ಮಿನರ್ವಾ ಮಿಲ್ಸ್ ಅಂದ ತಕ್ಷಣ 1980ರ ಸುಪ್ರೀಂ ಕೋರ್ಟ್ ತೀರ್ಪು ಒಪ್ಪಿಸುತ್ತಾರೆ. ಆ ಮಿಲ್ ಇದೇ ಬೆಂಗಳೂರಿನದು, ಅಲ್ಲಿ ಜನ ನೂಲು ತೆಗೆಯುತ್ತಿದ್ದರು ಅಂತ ಎಷ್ಟು ಜನಕ್ಕೆ ಗೊತ್ತಿದೆ?

ಬಾಡಿಗೆಮನೆಯವರೇ, ನೀವು ಹಮಾಲಿಯ ಬೆನ್ನಿನ ಮಾತು ಹೇಳಿದಿರಿ, ಒಪ್ಪುತ್ತೇನೆ. ನಮ್ಮಪ್ಪ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದರು. ಹತ್ತಿ ದೂಳಿನ ಕೆಮ್ಮು ಸಾಯುವ ತನಕ ಹೋಗಲಿಲ್ಲ. ಕಿವಿಯೂ ಮಂದ. ಮಗ್ಗದ ಸದ್ದಿನಲ್ಲಿ ಮಾತು ಕೇಳದೆ ಕೈಸನ್ನೆ, ತುಟಿ ಅಲುಗಾಟದಲ್ಲೇ ಮಾತಾಡಿ ರೂಢಿಯಾಗಿ, ಮನೆಯಲ್ಲೂ ನಮ್ಮ ತುಟಿಯನ್ನೇ ನೋಡುತ್ತಿದ್ದರು. ಆ ಕಷ್ಟ ಮತ್ತೆ ಯಾರಿಗೂ ಬೇಡ. ಆದರೆ ಆ ಕಷ್ಟ ಪಟ್ಟವರ ಗುರುತೇ ಇಲ್ಲದ ಹಾಗೆ ಮಾಡುವುದು ಬೇರೆ ಮಾತು. ಎರಡನ್ನೂ ಒಟ್ಟಿಗೆ ಹೇಳಬೇಡಿ. ಮಿಲ್ ಮುಚ್ಚಿದಾಗ ಬರಬೇಕಿದ್ದ ದುಡ್ಡಿಗೆ ಅಪ್ಪ ವರ್ಷಗಟ್ಟಲೆ ಅಲೆದರು. ಜಾಗಕ್ಕೆ ಮಾತ್ರ ಒಳ್ಳೇ ಬೆಲೆ ಬಂತು. ಪಾಳಿ ಬದಲಾಗುವ ಹೊತ್ತಿನ ಸೈರನ್ ಕೂಗಿಗೆ ನಮ್ಮ ಬೀದಿಯವರೆಲ್ಲ ಅನ್ನಕ್ಕೆ ಇಡುತ್ತಿದ್ದರು. ಈಗ ಅಲ್ಲಿ ಇರುವ ಮಕ್ಕಳಿಗೆ ತಮ್ಮ ಮನೆಯ ಕೆಳಗೆ ಏನಿತ್ತು ಅನ್ನುವ ಒಂದು ಸಾಲಿನ ಫಲಕವೂ ಕಾಣುವುದಿಲ್ಲ.

ಮುಂಬಯಿಯಲ್ಲಿ 1991ರಲ್ಲಿ ಒಂದು ನಿಯಮ ಮಾಡಿದ್ದರು. ಮಿಲ್ ಜಾಗ ಮಾರಿದರೆ ಮೂರು ಪಾಲು. ಒಂದು ಪಾಲು ಊರಿನ ಬಯಲಿಗೆ, ಒಂದು ಕಡಿಮೆ ಬೆಲೆಯ ಮನೆಗಳಿಗೆ, ಒಂದು ಮಾಲೀಕನಿಗೆ. 2001ರಲ್ಲಿ ಅದನ್ನು ತಿದ್ದಿ, ಕಟ್ಟಡ ಇಲ್ಲದ ಖಾಲಿ ಜಾಗಕ್ಕೆ ಮಾತ್ರ ಮೂರು ಪಾಲು ಅಂದರು. ಮಿಲ್ ಜಾಗದಲ್ಲಿ ಹೆಚ್ಚಿನದು ಕಟ್ಟಡವೇ ತಾನೇ, ಊರಿಗೆ ಬರುವ ಪಾಲು ಕರಗಿಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಬಂದರಿನ ಜಾಗಕ್ಕೆ ನಿಯಮ ಕೇಳುವವರು ಈ ಒಂದು ತಿದ್ದುಪಡಿಯನ್ನು ಸರಿಯಾಗಿ ಓದಿಕೊಳ್ಳಿ. ಮನೆ ಬೇಕು ಅನ್ನುವವರೂ ಓದಿ, ಯಾರಿಗೆ ಮನೆ ಅನ್ನುವ ಪ್ರಶ್ನೆ ಅಲ್ಲೇ ಇದೆ.

ಥೇಮ್ಸ್ ದಂಡೆ

ನಾನು ಕೆಲಸದ ಮೇಲೆ ಲಂಡನ್ನಿನಲ್ಲಿ ಕೆಲವು ವರ್ಷ ಇದ್ದೆ, ಈಗ ಜಯನಗರ. ಐಲ್ ಆಫ್ ಡಾಗ್ಸ್‌ನ ದಕ್ಷಿಣಕ್ಕೆ, ಹೊಳೆ ಪಕ್ಕದ ಫ್ಲ್ಯಾಟುಗಳ ನಡುವೆ ನೆಲದಲ್ಲಿ ದಪ್ಪ ದಪ್ಪ ಮರದ ದಿಮ್ಮಿಗಳು ಕಾಣುತ್ತವೆ. ಇಂಜಿನಿಯರ್ ಬ್ರುನೆಲ್ ಕಟ್ಟಿಸಿದ ಗ್ರೇಟ್ ಈಸ್ಟರ್ನ್ ಹಡಗನ್ನು 1858ರಲ್ಲಿ ನೀರಿಗಿಳಿಸಿದ ಜಾರುಹಾಸಿನ ಉಳಿಕೆ ಅದು. 211 ಮೀಟರ್ ಉದ್ದದ ಹಡಗು. ಹೊಳೆಗೆ ಉದ್ದಕ್ಕೆ ಇಳಿಸಿದರೆ ಆಚೆ ದಡಕ್ಕೆ ಗುದ್ದುತ್ತದೆ ಅಂತ ಅಡ್ಡಕ್ಕೆ ಕಟ್ಟಿದರು. 1857ರ ನವೆಂಬರಿನಲ್ಲಿ ತಳ್ಳಲು ಹೋದರೆ ಅದು ಕೆಲವೇ ಅಡಿ ಜರುಗಿ ನಿಂತುಬಿಟ್ಟಿತು, ಕೊನೆಗೆ ತೇಲಿದ್ದು ಜನವರಿ 31ಕ್ಕೆ. ಆ ದಿಮ್ಮಿಗಳ ಪಕ್ಕ ನಿಂತರೆ ಹಡಗಿನ ಅಳತೆ ಕಣ್ಣಿಗೆ ಕಟ್ಟುತ್ತದೆ, ಯಾವ ಚಿತ್ರಪಟದಲ್ಲೂ ಅದು ಸಿಗುವುದಿಲ್ಲ. ಬಿಲ್ಡರ್‌ಗೆ ಇದರಿಂದ ಹೋದದ್ದು ಒಂದು ಪಾರ್ಕಿಂಗಿನಷ್ಟು ಜಾಗ ಇರಬಹುದು.

ಬಂದರಿನವರ ಬೇಡಿಕೆಗೆ ಅಲ್ಲಿ ಕಾನೂನಿನ ದಾರಿಯೂ ಇದೆ. ಒಂದು, ಥೇಮ್ಸ್ ದಂಡೆಯಲ್ಲಿ ಗುರುತು ಮಾಡಿದ ಸರಕು ದಕ್ಕೆಗಳನ್ನು (ಸರಕು ಇಳಿಸುವ ಕಟ್ಟೆಗಳನ್ನು) ರಕ್ಷಿತ ಅಂತ ಘೋಷಿಸಿದ್ದಾರೆ. ಸುಮ್ನೆ ಖಾಲಿ ಇದೆ ಅಂದರೆ ಸಾಲದು. ಸರಕು ಕೆಲಸಕ್ಕೆ ಅದು ಇನ್ನು ಆಗಿಬರುವುದೇ ಇಲ್ಲ ಅಂತ ತೋರಿಸಿದರೆ ಮಾತ್ರ ಬೇರೆ ಬಳಕೆ. ಮರಳು, ಜಲ್ಲಿ ಹೊಳೆಯಲ್ಲೇ ಊರೊಳಗೆ ಬರಲಿ, ಲಾರಿ ಕಡಿಮೆಯಾಗಲಿ ಅನ್ನುವ ಲೆಕ್ಕ. ಎರಡನೆಯದು ನನಗೆ ತುಂಬಾ ಮುಖ್ಯ ಅನ್ನಿಸುವುದು. ಸದ್ದು ಮಾಡುವ ಕೆಲಸ ಮೊದಲಿನಿಂದ ಇದ್ದು, ಪಕ್ಕದಲ್ಲಿ ಹೊಸದಾಗಿ ಮನೆ ಬಂದರೆ ಸದ್ದು ತಡೆಯುವ ಖರ್ಚು ಮನೆ ಕಟ್ಟುವವನದು. ದಪ್ಪ ಗಾಜು, ಗೋಡೆ, ಕಿಟಕಿ ಯಾವ ದಿಕ್ಕಿಗೆ ಅನ್ನುವುದು ಎಲ್ಲ ಅವನೇ ನೋಡಿಕೊಳ್ಳಬೇಕು. 2021ರ ಲಂಡನ್ ಯೋಜನೆಯಲ್ಲಿ ಇದು ಬರಹದಲ್ಲಿದೆ. ಇಲ್ಲದಿದ್ದರೆ ಆಗುವುದು ಏನು ಗೊತ್ತಾ? ಮೊದಲ ವರ್ಷ ಹೊಳೆ ನೋಟ ಚೆನ್ನಾಗಿದೆ ಅಂತ ಫ್ಲ್ಯಾಟ್ ಕೊಳ್ಳುತ್ತಾರೆ. ಎರಡನೇ ವರ್ಷ ಬೆಳಗಿನ ಜಾವದ ಸುತ್ತಿಗೆ ಸದ್ದು, ಮೀನಿನ ವಾಸನೆ ಅಂತ ದೂರು ಕೊಡುತ್ತಾರೆ. ಮೂರನೇ ವರ್ಷ ದೋಣಿ ಕೆಲಸದವನು ಜಾಗ ಖಾಲಿ ಮಾಡುತ್ತಾನೆ. ಯಾರೂ ಓಡಿಸಿದ ಹಾಗೆ ಕಾಣುವುದಿಲ್ಲ, ಆದರೆ ಓಡಿಸಿದ್ದೇ.

ಸೈಟ್ ಇಂಜಿನಿಯರ್

ಕಟ್ಟುವವರ ಕಡೆಯಿಂದ ಎರಡು ಮಾತು. ಹಳೇ ಡಾಕ್ ಜಾಗ ಅಗ್ಗಕ್ಕೆ ಸಿಕ್ಕಿದ ಹಾಗೆ ಕಾಣುತ್ತದೆ, ಇರುವುದಿಲ್ಲ. ಮಣ್ಣಿನಲ್ಲಿ ಎಣ್ಣೆ, ಸೀಸ, ಹಳೇ ಬಣ್ಣ, ಟಾರು ಇಳಿದಿರುತ್ತದೆ. ದಂಡೆಯ ಗೋಡೆ ಹಿಂದಿನ ನೀರಿನ ಒತ್ತಡ ಲೆಕ್ಕ ಹಾಕದೆ ಪಾಯ ತೋಡಿದರೆ ಗೋಡೆಯೇ ಜರುಗುತ್ತದೆ. ಈ ಖರ್ಚು ತುಂಬಿಸಲು ಬಿಲ್ಡರ್ ಮಹಡಿ ಏರಿಸುತ್ತಾ ಹೋಗುತ್ತಾನೆ, ಆಗ ಹಳೇ ಗೋದಾಮು ಅಡ್ಡ ಬರುತ್ತದೆ. ದುರಾಸೆ ಒಂದೇ ಅಲ್ಲ, ಲೆಕ್ಕವೂ ಹಾಗೇ ಇದೆ. ಆದ್ದರಿಂದ ಮಣ್ಣು ಶುದ್ಧ ಮಾಡುವ ಖರ್ಚನ್ನು ಮೊದಲೇ ಸರ್ಕಾರ ಹೊತ್ತರೆ ಉಳಿಸಿಕೊಳ್ಳುವ ಮಾತಿಗೆ ಬಲ ಬರುತ್ತದೆ. ಜತೆಗೆ ನಮ್ಮ ಕರಾವಳಿಯಲ್ಲಿ ಒಂದು ವಿಷಯ ಗಮನಿಸಿ. 1991ರ ಕರಾವಳಿ ನಿಯಂತ್ರಣ ವಲಯದ ನಿಯಮದಿಂದಾಗಿ ಊರೊಳಗಿನ ದಂಡೆಯಲ್ಲಿ ಎಷ್ಟು ಕಟ್ಟಬಹುದು ಅನ್ನುವುದು ಹಳೇ ಮಟ್ಟದಲ್ಲೇ ನಿಂತಿತ್ತು. 2019ರ ಅಧಿಸೂಚನೆ ಆ ತಡೆ ತೆಗೆಯಿತು. ದಂಡೆಯ ಹಳೇ ಜಾಗಗಳ ಮೇಲೆ ಈಗ ಕಣ್ಣು ಬೀಳುವುದಕ್ಕೆ ಇದೂ ಒಂದು ಕಾರಣ.

ಲಿವರ್‌ಪೂಲ್ ಕಥೆಯನ್ನೂ ಯಾರಾದರೂ ಹೇಳಬೇಕಿತ್ತು. ಅಲ್ಲಿನ ಆಲ್ಬರ್ಟ್ ಡಾಕ್ 1846ರದು. ಬೆಂಕಿಗೆ ಹೆದರಿ ಮರದ ತೊಲೆ ಹಾಕದೆ ಕಬ್ಬಿಣ, ಇಟ್ಟಿಗೆ, ಕಲ್ಲಿನಲ್ಲೇ ಕಟ್ಟಿದ ಗೋದಾಮುಗಳು. 1972ರಲ್ಲಿ ಮುಚ್ಚಿತು, ಹೂಳು ತುಂಬಿತು, ಕೆಡವುವ ಮಾತೂ ಇತ್ತು. ಉಳಿಸಿಕೊಂಡು 1988ರಲ್ಲಿ ಮತ್ತೆ ತೆರೆದರು. ಮನೆ, ಮ್ಯೂಸಿಯಂ, ಅಂಗಡಿ ಎಲ್ಲ ಇವೆ. ಇಂಜಿನಿಯರ್ ಆಗಿ ನನಗೆ ಅದು ಇಷ್ಟ, ಹಳೇ ಚೌಕಟ್ಟಿನೊಳಗೇ ಹೊಸ ಬಳಕೆ ಕೂತಿದೆ. ಅದೇ ಊರಿಗೆ 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿ ಜಾಗ ಸಿಕ್ಕಿತು, 2012ರಲ್ಲಿ ಅಪಾಯದ ಪಟ್ಟಿಗೆ ಹೋಯಿತು, 2021ರಲ್ಲಿ ತೆಗೆದೇ ಹಾಕಿದರು. ಉತ್ತರದ ಡಾಕ್‌ಗಳಲ್ಲಿ ಎತ್ತರದ ಕಟ್ಟಡಗಳ ಯೋಜನೆ, ಬ್ರಾಮ್ಲಿ-ಮೂರ್ ಡಾಕಿನ ನೀರಿನ ಜಾಗಕ್ಕೆ ಮರಳು ತುಂಬಿ ಫುಟ್‌ಬಾಲ್ ಸ್ಟೇಡಿಯಂ ಇವು ಕಾರಣ. ಹಾಗೆ ಪಟ್ಟಿಯಿಂದ ಹೊರಬಿದ್ದದ್ದರಲ್ಲಿ ಅದು ಮೂರನೆಯದು. ಮೊದಲು ಒಮಾನಿನ ಅಭಯಾರಣ್ಯ, ಆಮೇಲೆ ಜರ್ಮನಿಯ ಡ್ರೆಸ್ಡೆನ್ ಕಣಿವೆ.

ಪಟ್ಟಿಯಲ್ಲಿದ್ದ ಜಾಗಕ್ಕೇ ಹೀಗಾಯಿತು. ಯಾವ ಪಟ್ಟಿಯಲ್ಲೂ ಇಲ್ಲದ ನಮ್ಮ ಬಂದರುಗಳ ಗತಿ ಯೋಚಿಸಿ.

ಕೆರೆ ಕಾವಲು

ನೀರು ಮುಚ್ಚಿ ಜಾಗ ಮಾಡುವುದನ್ನು ಬೆಂಗಳೂರಿಗರು ಲಿವರ್‌ಪೂಲಿನಿಂದ ಕಲಿಯಬೇಕಿಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯಿತು. ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಸ್ಟೇಡಿಯಂ ಇದೆ. ಸಂಪಂಗಿಯ ಒಂದು ತುಂಡು ಹೊಂಡ ಉಳಿದಿದೆ, ಯಾಕೆ ಅಂತ ಕೇಳಿ. ಕರಗಕ್ಕೆ ಬೇಕು. ಪ್ರತಿ ವರ್ಷ ಜನ ಅಲ್ಲಿಗೆ ಬಂದೇ ಬರುತ್ತಾರೆ, ಆದ್ದರಿಂದ ಮುಚ್ಚಲು ಆಗಲಿಲ್ಲ. ಬಂದರಿನವ ಸರ್ ಹೇಳುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಾ? ಬಳಕೆ ನಡೆಯುತ್ತಿದ್ದ ಮೂಲೆ ಉಳಿಯಿತು, ಉಳಿದದ್ದು ಹೋಯಿತು. ಮುಂಬಯಿಯ ಪ್ರಿನ್ಸೆಸ್ ಡಾಕ್, 1880ರದು, ಅದನ್ನೂ ವಿಕ್ಟೋರಿಯಾ ಡಾಕನ್ನೂ ಕಂಟೇನರ್ ಇಡುವ ಜಾಗಕ್ಕೆ ಅಂತ ಮುಚ್ಚಿದರು. ಅದಕ್ಕಿಂತ ಹಳೆಯದಾದ 1875ರ ಸಸೂನ್ ಡಾಕ್ ಇನ್ನೂ ಇದೆ, ಅಲ್ಲಿ ದಿನಾ ಮೀನು ಇಳಿಯುತ್ತದೆ.

ಕುಡ್ಲದ ತಮ್ಮ

ಮಾರಾಯ್ರೆ, ಮಂಗಳೂರಿನವನಾಗಿ ನಾನೂ ಒಂದಿಷ್ಟು ಹೇಳುತ್ತೇನೆ. ಬೆಂಗಳೂರಿನಲ್ಲಿ ಕೂತು ಬಂದರು ಚಂದ ಅನ್ನುವುದು ಸುಲಭ. ಹೊಳೆ ಸಮುದ್ರ ಸೇರುವ ಅಳಿವೆ ಬಾಗಿಲಿನಲ್ಲಿ ಹೂಳು ನಿಂತು ಬೋಟು ಮಗುಚಿದಾಗ ಬನ್ನಿ. ಹೂಳೆತ್ತುವ ಕೆಲಸ ಸರಿಯಾಗಿ ಆದರೆ ಬಂದರು ತನ್ನಷ್ಟಕ್ಕೆ ಉಳಿಯುತ್ತದೆ. ಅದಾಗದಿದ್ದರೆ ನೀವು ಎಷ್ಟು ನಿಯಮ ಬರೆದರೂ ದೋಣಿ ಬೇರೆ ಕಡೆ ಹೋಗುತ್ತದೆ.

ಬರೀ ದಕ್ಕೆಯ ಮಾತಲ್ಲ ಇದು. ಹಂಚಿನ ಕಾರ್ಖಾನೆಗಳನ್ನು ಮರೆಯಬೇಡಿ. ಬಾಸೆಲ್ ಮಿಷನ್ ಮೊದಲ ಕಾರ್ಖಾನೆ ಹಾಕಿದ್ದು 1865ರಲ್ಲಿ. ಆವೆ ಮಣ್ಣು ದೋಣಿಯಲ್ಲಿ ಬಂತು, ಸುಟ್ಟ ಹಂಚು ದೋಣಿಯಲ್ಲೇ ಹೋಗಿ ಹಡಗು ಹತ್ತಿತು. ಅದಕ್ಕೇ ಕಾರ್ಖಾನೆಗಳೆಲ್ಲ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ. ಈಗ ಕಾರ್ಖಾನೆ ಒಂದೊಂದೇ ನಿಂತಿವೆ, ಚಿಮಣಿ ಕೆಡವಿ ಸೈಟು ಮಾಡುತ್ತಾರೆ. ಹಂಚಿನ ಬೆನ್ನಿನ ಮೇಲೆ ಕಾರ್ಖಾನೆ ಹೆಸರು, ಊರು, ಕೆಲವದರಲ್ಲಿ ವರ್ಷ ಕೂಡ ಅಚ್ಚಾಗಿರುತ್ತದೆ. ಹಳೇ ಮನೆ ಕೆಡವುವಾಗ ಅದನ್ನು ತಿರುಗಿಸಿ ನೋಡಿ. ಒಂದು ಕಾರ್ಖಾನೆಯ ದಾಖಲೆ ಅಷ್ಟೇ ಉಳಿದಿರಬಹುದು.

ಇನ್ನೊಂದು. ಬಂದರು ಅಂದರೆ ಜನರನ್ನು ಎಬ್ಬಿಸಿದ ಕಥೆಯೂ ಹೌದು. ಪಣಂಬೂರಿನಲ್ಲಿ ಹೊಸ ಬಂದರು ಬಂದಾಗ ಊರಿನವರು ಕೃಷ್ಣಾಪುರ, ಕಾಟಿಪಳ್ಳದ ಕಡೆ ಹೋದರು. ಲಂಡನ್ನಿನ ಸೇಂಟ್ ಕ್ಯಾಥರಿನ್ ಡಾಕ್ 1828ರಲ್ಲಿ ಆಗುವಾಗಲೂ 11,000ಕ್ಕೂ ಹೆಚ್ಚು ಜನರ ಮನೆ ಹೋಯಿತು. ಈಗ ಎರಡನೇ ಸಲ ಎಬ್ಬಿಸುವುದು ಬೇಡ.

ಬಂದರಿನವ

ಎಲ್ಲರಿಗೂ ಒಟ್ಟಿಗೆ ಬರೆಯುತ್ತೇನೆ. ಕುಡ್ಲದ ತಮ್ಮ, ಹೂಳಿನ ಮಾತು ಮೊದಲ ಸಾಲಿನಲ್ಲಿ ಬರಬೇಕು ಅನ್ನುವುದನ್ನು ಒಪ್ಪಿದೆ. ಬಿನ್ನಿಪೇಟೆ ಅಕ್ಕ, ನಿಮ್ಮ ಅಪ್ಪನ ಕೈಸನ್ನೆಗಳನ್ನು ಯಾರಾದರೂ ವಿಡಿಯೋ ಮಾಡಿದ್ದಾರಾ? ಅವರ ಜತೆ ಪಾಳಿಯಲ್ಲಿದ್ದವರು ಯಾರಾದರೂ ಇದ್ದರೆ ದಯವಿಟ್ಟು ಈಗಲೇ ಮಾಡಿ, ಫೋನ್ ಸಾಕು. ಜಾಲಹಳ್ಳಿಯಲ್ಲಿ ಎಚ್‌ಎಂಟಿ ವಾಚಿನ ಮ್ಯೂಸಿಯಂ 2019ರಲ್ಲಿ ಬಂತು, ತುಂಬಾ ಒಳ್ಳೆಯ ಕೆಲಸ. ಮಿಲ್ಲಿನವರಿಗೂ ಅಂಥದ್ದು ಬೇಕು.

ಬಾಡಿಗೆಮನೆಯವರಿಗೆ. ನಾನು ಮನೆ ಬೇಡ ಅನ್ನುತ್ತಿಲ್ಲ. ನೀರಿಗೆ ತಾಗಿದ ಪಟ್ಟಿ ಒಂದನ್ನು ಬಿಟ್ಟು ಹಿಂದೆ ಕಟ್ಟಲಿ. ಆ ಪಟ್ಟಿಯಲ್ಲಿ ಯಾರು ಬೇಕಾದರೂ ನಡೆಯಲಿ, ಗೇಟು ಬೇಡ. ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿ ನೋಡಿ. 1513ರಲ್ಲಿ ದೊರೆ ಎಂಟನೇ ಹೆನ್ರಿ ಶುರು ಮಾಡಿದ ಹಡಗುಕಟ್ಟೆಯ ಜಾಗ, 3,500 ಮನೆಗಳಿಗೆ 2014ರಲ್ಲಿ ಅನುಮತಿ ಆಯಿತು. ಊರಿನವರು ಮನೆ ಬೇಡ ಅಂತ ಕೂರಲಿಲ್ಲ. 1678ರಲ್ಲಿ ಅಲ್ಲೇ ಕಟ್ಟಿದ ಲೆನಾಕ್ಸ್ ಅನ್ನುವ ಹಡಗನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟುತ್ತೇವೆ, ಹುಡುಗರಿಗೆ ಕೆಲಸ ಕಲಿಸುತ್ತೇವೆ ಅಂತ ಕೇಳಿದರು. ನನಗೆ ಇಂಥ ಬೇಡಿಕೆ ಇಷ್ಟ. ನಮ್ಮವರ ಕೈಯಲ್ಲಿ ಆ ಶಕ್ತಿ ಇದೆ. ಮುಂಬಯಿಯಲ್ಲಿ ವಾಡಿಯಾ ಮನೆತನದವರು ಮಲಬಾರ್ ತೇಗದಲ್ಲಿ ಕಟ್ಟಿ 1817ರಲ್ಲಿ ಇಳಿಸಿದ ಟ್ರಿಂಕಮಲಿ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇವತ್ತಿಗೂ ನೀರಿನ ಮೇಲಿದೆ. ಅಲ್ಲಿಯವರು ಅದನ್ನು ಜೋಪಾನ ಮಾಡಿದ್ದಾರೆ. ಅಂಥ ಮರಗೆಲಸದ ಕೊನೆಯ ಕೈಗಳಿಗೆ ನಾವು ಇಲ್ಲಿ ಒಂದು ಶೆಡ್ ಬಿಡಲಾರೆವಾ?

ಬಾಡಿಗೆಮನೆ

ಹೀಗೆ ಹೇಳಿದರೆ ನನ್ನ ತಕರಾರಿಲ್ಲ ಸರ್. ಕಡಿಮೆ ಬೆಲೆಯ ಮನೆಯ ಪಾಲನ್ನೂ ಅದೇ ಅರ್ಜಿಯಲ್ಲಿ ಸೇರಿಸಿ. ಬಂದರಿನಲ್ಲಿ ದುಡಿಯುವವರಿಗೇ ಅಲ್ಲಿ ಮನೆ ಇಲ್ಲದಿದ್ದರೆ ಶೆಡ್ ಬಿಟ್ಟು ಏನು ಪ್ರಯೋಜನ?

ಥೇಮ್ಸ್ ದಂಡೆ

ಸಿಡ್ನಿಯಲ್ಲಿ 1970ರ ದಶಕದಲ್ಲಿ ಹಳೇ ಬಂದರು ಬಡಾವಣೆ ದಿ ರಾಕ್ಸ್ ಉಳಿದದ್ದು ಹೇಗೆ ಗೊತ್ತಲ್ಲ? ಕಟ್ಟಡ ಕೆಲಸಗಾರರ ಸಂಘದ ಜ್ಯಾಕ್ ಮಂಡಿ ಮತ್ತು ಜತೆಯವರು, ಅಲ್ಲಿಯ ಜನ ಬೇಡ ಅಂದ ಕಡೆ ನಾವು ಕೆಡವುವುದೂ ಇಲ್ಲ ಕಟ್ಟುವುದೂ ಇಲ್ಲ ಅಂತ ನಿಂತರು. ಕೆಲಸಗಾರರೇ ಕೈ ಎತ್ತಿದ ಮೇಲೆ ಬಿಲ್ಡರ್ ಏನು ಮಾಡುತ್ತಾನೆ. ಹಾಗಾಗಿ ಅರ್ಜಿಗೆ ಹಮಾಲಿ ಸಂಘ, ಬೋಟ್ ಮಾಲೀಕರ ಸಂಘ ಎಲ್ಲರ ಸಹಿ ಬೇಕು. ನಮ್ಮಂಥವರ ಸಹಿ ಮಾತ್ರ ಇದ್ದರೆ ತೂಕ ಬರುವುದಿಲ್ಲ.

ಬಂದರಿನವ

ಸರಿ. ಅರ್ಜಿಯ ಕರಡು ಈ ವಾರ ಇಲ್ಲೇ ಹಾಕುತ್ತೇನೆ. ಹೂಳೆತ್ತುವುದು, ನೀರಿನ ಪಕ್ಕದ ತೆರೆದ ಪಟ್ಟಿ, ರಿಪೇರಿ ಜಾಗ, ಸದ್ದು ತಡೆಯುವ ಖರ್ಚು ಬಿಲ್ಡರ್‌ದೇ ಅನ್ನುವ ಷರತ್ತು, ದುಡಿಯುವವರಿಗೆ ಮನೆ. ಮಿಲ್ ಜಾಗದ ತಿದ್ದುಪಡಿಯಂಥ ಸಂದಿ ಉಳಿಯದ ಹಾಗೆ ಬರೆಯಲು ಕಾನೂನು ಗೊತ್ತಿದ್ದವರು ಸಹಾಯ ಮಾಡಿ.

ಕುಡ್ಲದ ತಮ್ಮ

ಸಹಿಗೆ ನಾನು ಬಂದರಿನಲ್ಲಿ ಓಡಾಡುತ್ತೇನೆ. ಕರಡಿನಲ್ಲಿ ಒಂದು ಸಾಲು ಮರೆಯದೆ ಹಾಕಿ. ರಿಪೇರಿಗೆ ಜಾಗ ಕೊಡಿ ಅಂತ ಮಾತ್ರ ಬರೆದರೆ ಹೂಳು ತುಂಬಿದ ಯಾವುದೋ ಮೂಲೆ ತೋರಿಸುತ್ತಾರೆ, ಅಲ್ಲಿಗೆ ದೋಣಿ ತರಲಿಕ್ಕೇ ಆಗುವುದಿಲ್ಲ. ಇಳಿತದ ಹೊತ್ತಿನಲ್ಲೂ ಸರಕು ತುಂಬಿದ ಮಂಜಿ ತೇಲುವಷ್ಟು ಆಳ ಇರುವ ಕಡೆ, ಲಾರಿ ಬರುವ ದಾರಿ ಸಮೇತ, ಅಂತ ಬರೆಯಿರಿ.